ಬಿಳಿ ಪಂಚೆಗೆ ಹತ್ತಿದ ಹಸಿರು

ಕಣ್ಣು ಮುಚ್ಚಿಕೊಂಡು ಒಂದು ಹಳೆಯ ಬಟ್ಟೆಯನ್ನು ಮುಟ್ಟಿದರೂ ಸಾಕು, ಅದರಲ್ಲಿ ಹತ್ತಿಯೆಷ್ಟು, ಬೆರಕೆಯೆಷ್ಟು, ಎಷ್ಟು ವರ್ಷ ಒಗೆಸಿಕೊಂಡಿದೆ ಎಂದು ನಾನು ಹೇಳಬಲ್ಲೆ. ಇದನ್ನು ಯಾವ ಶಾಲೆಯೂ ನನಗೆ ಕಲಿಸಲಿಲ್ಲ. ತಲೆಯ ಮೇಲೆ ಸ್ಟೀಲ್ ಪಾತ್ರೆಗಳ ಬುಟ್ಟಿ ಹೊತ್ತು, "ಹಳೇ ಬಟ್ಟೆಗೆ ಪಾತ್ರೆ" ಎಂದು ಕೂಗುತ್ತ ಜಗಳೂರಿನಿಂದ ಚನ್ನಗಿರಿ, ಹೊನ್ನಾಳಿಯವರೆಗೆ ಓಣಿಗಳಲ್ಲಿ ತಿರುಗಿದ ಹನ್ನೊಂದು ವರ್ಷ ಕಲಿಸಿತು. ಒಂದು ಡಬರಿಗೆ ಎಷ್ಟು ಸೀರೆ, ಒಂದು ತಟ್ಟೆಗೆ ಎಷ್ಟು ಅಂಗಿ ಎಂಬ ಚೌಕಾಸಿಯಲ್ಲಿ ನಾನು ಸೋತದ್ದು ಕಡಿಮೆ. ಗೆದ್ದಾಗಲೂ ಎದುರಿನವರೇ ಗೆದ್ದರು ಅನ್ನಿಸುವ ಹಾಗೆ ಮುಖ ಸಣ್ಣ ಮಾಡಿಕೊಂಡು ಏಳುತ್ತಿದ್ದೆ. ವ್ಯಾಪಾರಕ್ಕಿಳಿಯುವವರಿಗೆ ನನ್ನ ಮೊದಲ ಬುದ್ಧಿಮಾತು ಇದೇ: ಲಾಭ ಮನೆಗೆ ಹೋಗಿ ನಗಬೇಕು, ಗಿರಾಕಿಯ ಜಗುಲಿಯ ಮೇಲಲ್ಲ.

ಹಾಗೆ ಕೂಡಿಸಿದ ಬಟ್ಟೆಯಲ್ಲಿ ಒಳ್ಳೆಯದನ್ನು ಸಂತೆಗೂ ಹರಿದದ್ದನ್ನು ಗ್ಯಾರೇಜುಗಳಿಗೂ ಹಾಕುತ್ತಿದ್ದೆ. ಒಮ್ಮೆ ನ್ಯಾಮತಿಯ ಗ್ಯಾರೇಜೊಂದರಲ್ಲಿ ಮೇಸ್ತ್ರಿಯೊಬ್ಬ ಕಾರಿನ ಬಾನೆಟ್ಟನ್ನು ಟೆರಿಕಾಟ್ ಬಟ್ಟೆಯಿಂದ ಉಜ್ಜುತ್ತಿದ್ದ. ಉಜ್ಜಿದಷ್ಟೂ ಗೀರು. ನೋಡಲಾಗದೆ ಅವನ ಕೈಗೆ ಹಳೆಯ ಪಂಚೆಯ ತುಂಡೊಂದನ್ನು ಕೊಟ್ಟೆ. ಹೊಳಪು ಬಂತು. ಆರು ತಿಂಗಳಲ್ಲಿ ಅಲ್ಲಿ ನಾನೇ ಉಜ್ಜುತ್ತಿದ್ದೆ. ಎರಡು ವರ್ಷದಲ್ಲಿ ಅದೇ ರಸ್ತೆಯಲ್ಲಿ ತಗಡಿನ ಶೆಡ್ ಹಾಕಿ, ಕಾರು ತೊಳೆದು ಪಾಲಿಶ್ ಮಾಡುವ ಅಂಗಡಿ ಎಂದು ಬೋರ್ಡು ಬರೆಸಿದೆ.

ನ್ಯಾಮತಿ ತಾಲ್ಲೂಕಾದಾಗ ನಾನೂ ಎಲ್ಲರ ಜೊತೆ ಸಿಹಿ ಹಂಚಿದ್ದೆ. ತಾಲ್ಲೂಕಾದ ಮೇಲೆ ರಸ್ತೆ ಅಗಲವಾಗಬೇಕಲ್ಲ. ಅಳತೆಯವರು ಬಂದು ಟೇಪು ಹಿಡಿದು, ನನ್ನ ಶೆಡ್ಡಿನ ನಟ್ಟನಡುವೆ ಗೆರೆ ಎಳೆದು ಹೋದರು. ಮೂರು ತಿಂಗಳಲ್ಲಿ ಜಾಗ ಖಾಲಿಯಾಗಬೇಕು. ರಸ್ತೆ ಬದಿಯ ಜಾಗವಿಲ್ಲದೆ ಈ ಕಸುಬಿಲ್ಲ. ಒಳಗಿನ ಓಣಿಗೆ ಕಾರು ತಿರುಗಿಸಿಕೊಂಡು ಯಾರೂ ಬರುವುದಿಲ್ಲ. ಊರೂರು ಹುಡುಕಿದಾಗ ಕಣ್ಣಿಗೆ ಬಿದ್ದದ್ದು ಹೊನ್ನಾಳಿಯ ಮುಖ್ಯರಸ್ತೆಯಲ್ಲಿ ಬೀಗ ಹಾಕಿದ್ದ ಒಂದು ಗೋಡೌನು. ಕಲ್ಲಿನ ಗೋಡೆ, ಎತ್ತರದ ಬಾಗಿಲು, ಮುಂದೆ ಎರಡು ಕಾರು ನಿಲ್ಲುವಷ್ಟು ಅಂಗಳ. ಅದು ಚನ್ನಗಿರಿಯ ಅಡಿಕೆ ವ್ಯಾಪಾರದ ಅಣ್ಣತಮ್ಮಂದಿರದು ಎಂದು ಗೊತ್ತಾಯಿತು. ಮರುದಿನವೇ ಬಸ್ಸು ಹತ್ತಿದೆ.

ಅಣ್ಣ ಎಪ್ಪತ್ತು ದಾಟಿದವರು, ಮಾತು ಕಡಿಮೆ. ತಮ್ಮ ಹತ್ತು ವರ್ಷ ಚಿಕ್ಕವರು, ವ್ಯವಹಾರವೆಲ್ಲ ಅವರ ಕೈಯಲ್ಲಿ. ತೋಟದಲ್ಲಿ ಗೊನೆ ಇರುವಾಗಲೇ ಫಸಲು ಕೊಂಡು, ತಮ್ಮ ಅಂಗಳದಲ್ಲೇ ಸುಲಿಸಿ, ಬೇಯಿಸಿ ಮಾರುವ ಮನೆತನ. ಗೋಡೌನಿನ ಮಾತೆತ್ತಿದ ಕೂಡಲೇ ತಮ್ಮ ನಕ್ಕರು.

"ಟೈಲ್ಸ್ ಅಂಗಡಿಯೋರು ಕೇಳಿದಾರೆ ಕಣಮ್ಮ. ನೀನು ಯಾರು, ಆ ಪಾತ್ರೆ ಮಾರ್ತಿದ್ದೋಳಲ್ಲ?"

"ಹೌದು ಸಾವ್ಕಾರ್ರೆ. ನಿಮ್ಮ ಮನೆಗೂ ಒಂದು ಕೊಳಗ ಕೊಟ್ಟೀನಿ."

"ಅದು ಸೋರ್ತೈತೆ ಅಂತ ಅತ್ತಿಗೆ ಹೇಳ್ತಿದ್ರು," ಎಂದು ಅವರು ಒಳಗೆ ನಡೆದರು.

ಕೊಳಗ ಸೋರುತ್ತಿರಲಿಲ್ಲ. ಹಾಗೆ ಹೇಳಿದರೆ ನಾನು ಎದ್ದು ಹೋಗುತ್ತೇನೆ ಎಂದು ಅವರ ಲೆಕ್ಕ. ನಾನು ಏಳಲಿಲ್ಲ. ಇಲ್ಲ ಎಂದ ಮನೆಯಲ್ಲಿ ಇನ್ನೊಂದು ಕಾಲು ಗಂಟೆ ಕೂರುವುದನ್ನು ಕಲಿಯಿರಿ. ನೀರು ಕೇಳಿ, ಮಕ್ಕಳ ವಿಷಯ ಕೇಳಿ, ಅಂಗಳ ನೋಡಿ. ಆ ಮನೆಗೆ ಏನು ಬೇಕಾಗಿದೆಯೋ ಅದು ಆ ಕಾಲು ಗಂಟೆಯಲ್ಲಿ ಕಾಣಿಸುತ್ತದೆ.

ನನಗೆ ಕಾಣಿಸಿದ್ದು ಅಡಿಕೆ ಬೇಯಿಸುವ ಚಪ್ಪರದ ಮೂಲೆಯಲ್ಲಿ, ಹರಿದ ಟಾರ್ಪಾಲಿನ ಕೆಳಗೆ. ಸೊಂಟಕ್ಕೂ ಬಾರದ ಎತ್ತರ, ಉದ್ದ ಮೂತಿ, ತಂತಿಕಡ್ಡಿಗಳ ಚಕ್ರ, ಎರಡೇ ಸೀಟು, ತಲೆಯ ಮೇಲೆ ತಗಡಿಲ್ಲ. ವಿಲಾಯತಿಯ ಹಳೆಯ ಸ್ಪೋರ್ಟ್ಸ್ ಕಾರು. ಮೈಯೆಲ್ಲ ಚೊಗರು. ಚೊಗರೆಂದರೆ ಅಡಿಕೆ ಬೇಯಿಸಿದ ಕೆಂಪು ಕಷಾಯ. ಬಟ್ಟೆಗೆ ಹತ್ತಿದರೆ ಬಟ್ಟೆ ಹರಿದರೂ ಹೋಗದ ಕಲೆ. ಹಂಗಾಮಿನಿಂದ ಹಂಗಾಮಿಗೆ ಹಂಡೆಯಿಂದ ಸಿಡಿದದ್ದು, ಒಲೆಯ ಹೊಗೆ, ಹಬೆ, ಧೂಳು ಎಲ್ಲ ಸೇರಿ ಕಾರಿಗೆ ಒಣಗಿದ ಸಗಣಿಯ ಬಣ್ಣ ಬಂದಿತ್ತು.

ಹಿಂದೆಯೇ ಬಂದ ದೊಡ್ಡ ಸಾಹುಕಾರರನ್ನು ಕೇಳಿದೆ: "ಇದು ಯಾವ ಬಣ್ಣದ್ದು ಸಾವ್ಕಾರ್ರೆ?"

"ಹಸಿರು," ಎಂದರು ಅವರು.

"ಕೆಂಪು," ಎಂದರು ಒಳಗಿನಿಂದಲೇ ತಮ್ಮ.

"ಓಡಿಸಿದೋನು ನಾನು ಕಣಯ್ಯ."

"ತೊಳೆದೋನು ನಾನಲ್ವ."

ಈ ಜಗಳ ಹಳೆಯದೆಂದು ಗೊತ್ತಾಗಲು ಹೊತ್ತು ಬೇಕಾಗಲಿಲ್ಲ. ದೊಡ್ಡವರು ಹರೆಯದಲ್ಲಿ ಚಿಕ್ಕಮಗಳೂರು ಕಡೆಯ ಕಾಫಿ ತೋಟದವರೊಬ್ಬರಿಂದ ಕಾರನ್ನು ಕೊಂಡಿದ್ದರು. ಕೆಲವು ವರ್ಷ ಓಡಿಸಿ, ಆಮೇಲೆ ನಿಲ್ಲಿಸಿದ್ದರು. ಫೋಟೋ ಇತ್ತು, ಕಪ್ಪುಬಿಳುಪು. ಕಾಗದಪತ್ರ ಗೆದ್ದಲು ತಿಂದಿತ್ತು. ತುಕ್ಕು ಹಿಡಿಯದಿರಲೆಂದು ನಡುವೆ ಯಾರೋ ಬಾಗಿಲಿನ ಸಂದು, ಬಾನೆಟ್ಟಿನ ಒಳಮೈಗೆಲ್ಲ ರೆಡ್ ಆಕ್ಸೈಡ್ ಎಂಬ ಕೆಂಪು ಬಣ್ಣ ಬಳಿದಿದ್ದರು. ಒಳಗೆ ಬಗ್ಗಿ ನೋಡಿದವರಿಗೆಲ್ಲ ಕಾಣುವುದು ಕೆಂಪೇ. ದಾವಣಗೆರೆಯಲ್ಲಿ ಹಳೆಯ ಕಾರುಗಳ ಮೆರವಣಿಗೆಯಂತೆ. ಅದಕ್ಕೆಂದು ಎಂಜಿನ್ನನ್ನು ಮೇಸ್ತ್ರಿಯೊಬ್ಬ ಆಗಲೇ ಎಬ್ಬಿಸಿದ್ದ. ಇನ್ನು ಅದನ್ನು ಕೆರೆದು ಕೆಂಪು ಹೊಡೆಸುವುದೊಂದೇ ಬಾಕಿ ಎಂದರು ತಮ್ಮ. ಅಣ್ಣ ಟಾರ್ಪಾಲಿನ ಅಂಚನ್ನು ಹಿಡಿದುಕೊಂಡೇ ನಿಂತಿದ್ದರು. ಆ ಕೈ ನೋಡಿದಾಗ, ಈ ಮನೆಗೆ ಬೇಕಾದದ್ದು ಯಾವುದೆಂದು ನನಗೆ ಗೊತ್ತಾಯಿತು.

ದೊಡ್ಡವರ ಹೆಂಡತಿ ಮಜ್ಜಿಗೆ ತಂದುಕೊಟ್ಟು ತಮ್ಮದೂ ಒಂದು ಸಾಕ್ಷಿ ಹೇಳಿದರು. "ನಾನೂ ಒಂದ್ಸಲ ಸೋಪಿನ ಪುಡಿ ಹಾಕಿ ತಿಕ್ಕಿದೆ ಕಣೇ ತಂಗಿ. ತಿಕ್ಕಿದಷ್ಟೂ ಕೆಂಪಾತು. ಹೇಳಬಾರದು, ನಮ್ಮನೆಯವರಿಗೆ ಮರೆವು."

ಕೆಂಪಾಗದೆ ಏನಾದೀತು. ಕಷ್ಟದ ದಿನಗಳಲ್ಲಿ ನಾನೂ ನಲ್ಲೂರು ಕಡೆ ಎರಡು ಹಂಗಾಮು ಅಡಿಕೆ ಸುಲಿದವಳು. ಚೊಗರು ಹತ್ತಿದ ಕೈಗೆ ಸೋಪು ಹಾಕಿದರೆ ಕಲೆ ಇನ್ನೂ ಕೆಂಪಗೆ ಗಟ್ಟಿಯಾಗಿ ಕೂರುತ್ತದೆ. ಸುಲಿಯುವ ಹೆಂಗಸರೆಲ್ಲ ಹುಣಸೆಹುಳಿಯಲ್ಲಿ ಕೈ ತೊಳೆಯುತ್ತಾರೆ. ಆ ಮನೆಯಲ್ಲಿ ಅಡಿಕೆ ಕೊಳ್ಳುವವರಿದ್ದರು, ಮಾರುವವರಿದ್ದರು. ಕೈಯಾರೆ ಸುಲಿದವರು ಒಬ್ಬರೂ ಇರಲಿಲ್ಲ.

ಬಾಯಿ ರುಚಿ ಕೆಟ್ಟಿದೆ ಎಂದು ಹೇಳಿ ಅಮ್ಮನವರ ಹತ್ತಿರ ಚೂರು ಹುಣಸೆಹಣ್ಣು ಇಸಿದುಕೊಂಡೆ. ಅರ್ಧ ಬಾಯಿಗೆ, ಅರ್ಧ ಸೆರಗಿನ ಮರೆಗೆ. ಅಣ್ಣತಮ್ಮಂದಿರು ಮತ್ತೆ ಮಾತಿಗೆ ಬಿದ್ದಾಗ ಹಿಂದಿನ ಚಕ್ರದ ಮರೆಯಲ್ಲಿ ಕೂತು, ಬಟ್ಟೆಯ ತುದಿಗೆ ಹುಳಿ ಹಚ್ಚಿ ಬೆರಳಗಲ ಉಜ್ಜಿದೆ. ಮೊದಲು ಕಂದು ಬಂತು. ಆಮೇಲೆ ಕಪ್ಪು. ಬಟ್ಟೆಯ ಮೂರನೆಯ ಮಗ್ಗುಲಿಗೆ ಪಾಚಿಯಂಥ ಒಂದು ಛಾಯೆ ಹತ್ತಿತು. ಆ ಬಟ್ಟೆಯನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದೆ. ಯಾರಿಗೂ ತೋರಿಸಲಿಲ್ಲ. ತೋರಿಸಿದ್ದರೆ ನನ್ನ ಕೈಯಲ್ಲಿದ್ದ ಒಂದೇ ಸರಕು ಪುಕ್ಕಟೆಯಾಗಿ ಹೋಗುತ್ತಿತ್ತು.

"ಬಣ್ಣ ಹೊಡೆಸಬ್ಯಾಡ್ರಿ," ಎಂದೆ. "ಇದರ ಮೈಮೇಲಿರೋ ಬಣ್ಣಾನೇ ಎಬ್ಬಿಸಿ ಕೊಡ್ತೀನಿ. ಕೂಲಿ ಬ್ಯಾಡ. ಆದ್ರೆ ಹೊನ್ನಾಳಿ ಗೋಡೌನು ಹತ್ತು ವರ್ಷ ನನಗೆ ಬಾಡಿಗೆಗೆ ಕೊಡಬೇಕು."

"ಆಗದಿದ್ರೆ?" ಎಂದರು ತಮ್ಮ.

"ಕೆಂಪು ಬಣ್ಣದ ಖರ್ಚು ನನ್ನದು. ಗೋಡೌನಿನ ಮಾತು ಇನ್ನು ಎತ್ತಲ್ಲ."

ತಮ್ಮ ಅಣ್ಣನ ಮುಖ ನೋಡಿದರು. ಅಣ್ಣ ತಲೆಯಾಡಿಸಿದರು. ಆಗ ಚಿಕ್ಕ ಸಾಹುಕಾರರು ತಮ್ಮ ಕಸುಬಿನ ಕಟ್ಟಳೆಯನ್ನೇ ಮುಂದಿಟ್ಟರು. ಹಳೆಯ ಅಡಿಕೆಗೆ ಬಣ್ಣ ಹಾಕಿ ಹೊಸದೆಂದು ಮಾರುವವರಿರುತ್ತಾರೆ. ಅದನ್ನು ಹಿಡಿಯಲು ಆ ಮನೆಯವರು ಪಂಚೆಯ ತುದಿಯನ್ನು ಒದ್ದೆ ಮಾಡಿ ಅಡಿಕೆಯನ್ನು ಅದರಲ್ಲಿ ತಿಕ್ಕುತ್ತಾರೆ. ಬಿಳಿ ಬಟ್ಟೆಗೆ ಬಣ್ಣ ಹತ್ತಿದರೆ ಮಾಲು ವಾಪಸ್ಸು.

"ಇವತ್ತಿಗೆ ಹದಿನೈದನೇ ದಿನ ಸೋಮವಾರ. ಬಣ್ಣ ಹೊಡೆಸಾಕೆ ಒಯ್ಯೋ ಲಾರಿ ಬರ್ತೈತೆ. ನಾನು ಒಗೆದ ಪಂಚೆ ಉಟ್ಕೊಂಡು ಬರ್ತೀನಿ. ಒದ್ದೆ ಮಾಡಿ ತಿಕ್ತೀನಿ. ಚೊಗರು ಹತ್ತಿದ್ರೆ ಕಾರು ಲಾರಿ ಹತ್ತುತೈತೆ."

ಒಪ್ಪಿದೆ. ಒಪ್ಪುವಾಗ ಒಂದು ಮಾತು ಹೇಳಬೇಕಿತ್ತು, ಹೇಳಲಿಲ್ಲ. ಆ ವಿಷಯ ಮುಂದೆ ಬರುತ್ತದೆ.

ನನ್ನ ಶೆಡ್ಡಿಗೆ ಕಾರು ಒಯ್ಯಲು ತಮ್ಮ ಬಿಡಲಿಲ್ಲ. ಅವರ ಅಂಗಳದಲ್ಲೇ ಹಲಸಿನ ಮರದ ನೆರಳಿಗೆ ತಳ್ಳಿಸಿದೆ. ಹಳೆಯ ಬಣ್ಣದ ಕಾರು ಇರುವವರು ಇದನ್ನು ಗಮನಿಸಿ: ಬಿಸಿಲಲ್ಲಿ ಮುಟ್ಟಬೇಡಿ. ಮೊದಲ ದಿನ ಸೋಪಿಲ್ಲ, ಉಜ್ಜಾಟವಿಲ್ಲ, ಬರೀ ನೀರು. ಧೂಳು ತಾನಾಗಿ ಇಳಿಯುವವರೆಗೆ ಮೇಲಿನಿಂದ ಕೆಳಕ್ಕೆ ಹರಿಸಬೇಕು. ಧೂಳಿನ ಮೇಲೆ ಬಟ್ಟೆ ಎಳೆದರೆ ಅದು ಮರಳುಕಾಗದ. ನಮ್ಮ ಕಡೆ ತೊಳೆದಾದ ಮೇಲೆ ಹೊಳಪಿಗೆಂದು ಡೀಸೆಲ್ ಸಿಂಪಡಿಸುವ ಚಾಳಿ ಇದೆ. ಟ್ರ್ಯಾಕ್ಟರಿಗೇ ಅದು ಬೇಡ ಅನ್ನುವವಳು ನಾನು.

ಎರಡನೆಯ ದಿನದಿಂದ ಹುಣಸೆನೀರು, ಎರಡು ಸಲ ಸೋಸಿ, ಬಾಯಿಗಿಟ್ಟರೆ ಹುಳಿ ಇದೆಯೋ ಇಲ್ಲವೋ ಅನ್ನುವಷ್ಟು ತೆಳ್ಳಗೆ. ಅಂಗೈಯಗಲ ಜಾಗ ಹಿಡಿದು ಒದ್ದೆ ಬಟ್ಟೆ ಒತ್ತಿ, ಹತ್ತು ಎಣಿಸಿ, ತೆಗೆದು, ಕೂಡಲೇ ನೀರು. ಮತ್ತೆ ಅದೇ ಜಾಗ. ಚೊಗರು ಕೂಡಿ ಕೂತದ್ದು ವರ್ಷಗಟ್ಟಲೆ, ಒಂದೇ ಸಲ ಒರೆಸಿ ಎದ್ದು ಬಾ ಎಂದರೆ ಬಂದೀತೇ. ಅಮ್ಮನವರು ಜಗುಲಿಯಲ್ಲಿ ಕೂತು ನೋಡುತ್ತಿದ್ದರು.

"ನಮ್ಮನೆ ಹುಣಸೆಹಣ್ಣೆಲ್ಲ ಕಾರಿಗೇ ಕುಡಿಸ್ತೀಯೇನೇ. ಸಾರಿಗೆ ಉಳಿಸೇ ತಾಯಿ."

"ಸೋಪಿನ ಪುಡಿ ಹಾಕಿದೋರು ನೀವಲ್ವ ಅಮ್ಮಾರೆ. ಆ ಜಾಗಕ್ಕೇ ಜಾಸ್ತಿ ಬೇಕು."

ಅವರು ನಕ್ಕರು. ಮರುದಿನ ತಾವೇ ಒಂದು ಪಾತ್ರೆ ತುಂಬ ನೆನೆಸಿಟ್ಟಿದ್ದರು. ಬಾನೆಟ್ಟಿನ ಮೇಲೆ ಮೂರು ಬೆರಳಿನ ಗೆರೆಗಳು ಕಂಡವು. ಪ್ರತಿ ಆಯುಧಪೂಜೆಗೂ ಎಳೆದ ವಿಭೂತಿ. ಬೂದಿಯೂ ಚೊಗರೂ ಸೇರಿದರೆ ಸೋಪಿನ ಕಥೆಯೇ. ಆ ಮೂರು ಗೆರೆ ಬಿಡಿಸಲು ಎರಡು ದಿನ ಹಿಡಿಯಿತು.

ಐದನೆಯ ದಿನ ಅರ್ಧ ಬಾನೆಟ್ಟು ಬಣ್ಣ ತೋರಿಸಿತು. ಹೊಳಪಿಲ್ಲ, ಸುಣ್ಣ ಬೆರೆಸಿದ ಹಾಗೆ ಮಂಕು. ಆದರೆ ಹಸಿರು. ದೊಡ್ಡವರನ್ನು ಕರೆಯಲಿಲ್ಲ. ಅರೆಬೆಂದದ್ದನ್ನು ಗಿರಾಕಿಗೆ ತೋರಿಸಬಾರದು. ಅವರಾಗಿಯೇ ಬಂದು ದೂರದಲ್ಲಿ ನಿಂತು ನೋಡಿ ಹೋದರು. ಆ ದಿನ ಮಧ್ಯಾಹ್ನ ನನಗೆ ಊಟಕ್ಕೆ ಹೋಳಿಗೆ ಬಂತು.

ಮಂಕು ಹಿಡಿದ ಹಳೆಯ ಬಣ್ಣ ಬಾಯಾರಿದ ದನದ ಹಾಗೆ. ಅದಕ್ಕೆ ಮೊದಲು ಬೇಕಾದದ್ದು ಉಜ್ಜುವುದಲ್ಲ, ಕುಡಿಸುವುದು. ಎಣ್ಣೆಯಂಶ ಹೆಚ್ಚಿರುವ ಪಾಲಿಶನ್ನು ದಪ್ಪಗೆ ಬಳಿದು ಬೆಳಗಿನವರೆಗೆ ಬಿಟ್ಟು, ಒರೆಸಿ, ಮತ್ತೆ ಬಳಿಯಬೇಕು. ಅದನ್ನು ಬಳಿಯಲು ಬೇಕಾದದ್ದು ಇನ್ನೂ ಕತ್ತರಿ ಹೆಚ್ಚು ಕಾಣದ ಮರಿಕುರಿಯ ಉಣ್ಣೆ. ಅಂಗಡಿಯಲ್ಲಿ ಸಿಗುವ ಪ್ಯಾಡು ಅದರ ಮುಂದೆ ಏನೂ ಅಲ್ಲ. ಅದಕ್ಕಾಗಿ ಒಂದು ದಿನ ಖರ್ಚಾದರೂ ಜಗಳೂರಿಗೆ ಹೋಗಿಬಂದೆ. ಅಲ್ಲಿಯ ಕುರಿಯ ಮನೆಗಳೆಲ್ಲ ನನ್ನ ಪಾತ್ರೆ ಕಂಡ ಮನೆಗಳೇ. ಕಂಬಳಿಗೆ ಉಣ್ಣೆ ಹಿಂಜುತ್ತ ಕೂತಿದ್ದ ಮುದುಕಿಯೊಬ್ಬಳು ನನ್ನನ್ನು ನೋಡಿದ್ದೇ ತಡ ಶುರು ಮಾಡಿದಳು.

"ಬಂದ್ಯಾ. ಅವತ್ತು ಎಂಟು ಸೀರೆ ತಗಂಡು ಒಂದು ಬಕೀಟು ಕೊಟ್ಟೋಳು."

"ಆ ಬಕೀಟು ಇನ್ನೂ ಐತೋ ಇಲ್ಲೋ ಅಜ್ಜಿ?"

"ಐತೆ."

"ಸೀರೆ ಇರ್ತಿದ್ವಾ?"

ಮುದುಕಿ ಬಾಯಿ ತುಂಬ ನಕ್ಕು, ಉಣ್ಣೆಯನ್ನು ತೂಗದೆ ಚೀಲಕ್ಕೆ ತುಂಬಿದಳು. ಬದಲಿಗೆ ಒಂದು ಮುಚ್ಚಳದ ಡಬ್ಬಿ ಕೊಟ್ಟೆ. ಅದಕ್ಕೂ ಮುಚ್ಚಳ ಬಿಗಿಯಿಲ್ಲ ಎಂದು ಒಂದು ಲೋಟ ಸೇರಿಸಿ ಕಿತ್ತುಕೊಂಡಳು. ನನಗೆ ಸಮನಾದವರ ಹತ್ತಿರ ಸೋಲುವುದರಲ್ಲೂ ಒಂದು ಸುಖವಿದೆ.

ಎಲ್ಲ ನೆಟ್ಟಗೆ ನಡೆಯಿತೆಂದು ಬರೆದರೆ ಸುಳ್ಳಾದೀತು. ಹತ್ತನೆಯ ದಿನ ಎಡಗಡೆಯ ಮುಂದಿನ ಮಡ್‌ಗಾರ್ಡಿನ ಏಣಿನ ಮೇಲೆ, ಅಂದರೆ ಮಡಿಚಿದ ಅಂಚಿನ ಮೇಲೆ, ಕೈಗೆ ಹುರುಪು ಬಂದು, ಒಂದು ಸಲ ಹೆಚ್ಚಿಗೆ ಉಜ್ಜಿದೆ. ಉಗುರಿನಷ್ಟು ಜಾಗದಲ್ಲಿ ಬಣ್ಣ ಸವೆದು ತಳದ ಬೂದಿ ಬಣ್ಣ ಇಣುಕಿತು. ಬಟ್ಟೆ ಕೆಳಗಿಟ್ಟೆ. ಏಣುಗಳಲ್ಲಿ ಬಣ್ಣ ಯಾವಾಗಲೂ ತೆಳ್ಳಗಿರುತ್ತದೆ. ಅಲ್ಲಿಗೆ ಬಂದಾಗ ಕೈ ತೇಲಿಸಬೇಕು. ಇದನ್ನು ಗೊತ್ತಿದ್ದೂ ಮರೆತಿದ್ದೆ. ಮುಚ್ಚಿಡಬಹುದಿತ್ತು, ಚೂರು ಬಣ್ಣ ತಂದು ಚುಕ್ಕೆ ಇಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ನೇರವಾಗಿ ದೊಡ್ಡವರ ಹತ್ತಿರ ಹೋಗಿ, ಕರೆದುಕೊಂಡು ಬಂದು ತೋರಿಸಿದೆ.

ಅವರು ಬಗ್ಗಿ ನೋಡಿದರು. "ನಿನ್ನ ತಪ್ಪೇನಮ್ಮ?"

"ಹೌದ್ರಿ, ನಂದೇ."

"ನಾನು ಅದನ್ನ ಒಂದ್ಸಲ ಉಬ್ರಾಣಿ ತಿರುವಿನಾಗೆ ಗದ್ದೆಗೆ ಇಳಿಸಿದ್ದೆ. ನಿನ್ನದು ಉಗುರಿನಷ್ಟು. ಬಿಡು."

ಗಿರಾಕಿಗೆ ತಪ್ಪನ್ನು ನಾವೇ ಮೊದಲು ಹೇಳಿದರೆ ಅದು ಉಗುರಿನಷ್ಟೇ ಉಳಿಯುತ್ತದೆ. ಅವರೇ ಕಂಡುಹಿಡಿದರೆ ಅಂಗೈಯಷ್ಟಾಗುತ್ತದೆ. ಚುಕ್ಕೆ ಇಡಬೇಡ, ಹಾಗೇ ಇರಲಿ ಎಂದರು ದೊಡ್ಡವರು.

ಆಮೇಲಿನ ಕೆಲಸ ಓಡಿತು. ಬಂಪರು, ದೀಪದ ಬಳೆಗಳ ಮೇಲಿನ ಬೆಳ್ಳಿ ಹೊಳಪಿಗೆ ಹತ್ತಿದ್ದ ತುಕ್ಕನ್ನು ಊಟ ಕಟ್ಟುವ ಅಲ್ಯೂಮಿನಿಯಂ ಹಾಳೆಯ ಉಂಡೆ, ಬರೀ ನೀರು, ಇಷ್ಟರಲ್ಲೇ ಬಿಡಿಸಿದೆ. ಚಕ್ರದ ಕಡ್ಡಿಗಳಿಗೆ ಹಲ್ಲುಜ್ಜುವ ಬ್ರಷ್ಷು. ಸೀಟುಗಳನ್ನು ಬಿಚ್ಚಿ ಹೊನ್ನಾಳಿಯ ಕುಷನ್ ಅಂಗಡಿಗೆ ಒಯ್ದೆ. ಅವನು ಹಳೆಯ ಚರ್ಮ ಕಿತ್ತು ಹೊಸ ರೆಕ್ಸಿನ್ ಹಾಕೋಣ ಎಂದ. "ಹೊಲಿಗೆ ಬಿಚ್ಚಿರೋದನ್ನ ಹೊಲಿ ಸಾಕು. ಚರ್ಮಕ್ಕೆ ನಾನು ಎಣ್ಣೆ ಹಚ್ಚಿಕೋತೀನಿ," ಎಂದೆ. ಅದರಲ್ಲಿ ನನಗೇನು ಲಾಭ ಎಂದು ಅವನು ಗೊಣಗಿದ. ಮುಂದೆ ಇದೇ ರಸ್ತೆಗೆ ಅಂಗಡಿ ಹಾಕುತ್ತೇನೆ, ಸೀಟಿನ ಕೆಲಸವೆಲ್ಲ ನಿನಗೇ ಕಳಿಸುತ್ತೇನೆ ಎಂದೆ. ಗೋಡೌನು ಇನ್ನೂ ಕೈಗೆ ಬಂದಿರಲಿಲ್ಲ. ಆದರೂ ಅದರ ಹೆಸರಿನಲ್ಲಿ ಒಂದು ಚೌಕಾಸಿ ಗೆದ್ದಿದ್ದೆ.

ಕೊನೆಯ ಎರಡು ದಿನ ಮೇಣ. ತೆಳ್ಳಗೆ ಹಚ್ಚಿ, ಒಣಗಿಸಿ, ಹಳೆಯ ಪಂಚೆಯಿಂದ ಎಳೆದು, ಮತ್ತೆ ಹಚ್ಚಿ. ಪಂಚೆ ಎಂದರೆ ಯಾವುದಾದರೂ ಅಲ್ಲ. ಜರಿಯ ಅಂಚು, ಹೊಲಿಗೆ, ಗಂಟು ಎಲ್ಲ ಕತ್ತರಿಸಿ ತೆಗೆದ, ಇಪ್ಪತ್ತು ವರ್ಷ ಕಲ್ಲಿನ ಮೇಲೆ ಒಗೆಸಿಕೊಂಡ ಹತ್ತಿ. ಭಾನುವಾರ ಸಂಜೆ ಹಲಸಿನ ಮರದ ಎಲೆಗಳು ಬಾನೆಟ್ಟಿನಲ್ಲಿ ಒಂದೊಂದಾಗಿ ಕಂಡವು. ಕೆರೆಯ ನೀರಿನ ಹಸಿರು, ನೆರಳು ಬಿದ್ದ ಕಡೆಯ ಹಸಿರು. ನಾನು ಎಷ್ಟೋ ಹೊಸ ಕಾರುಗಳನ್ನು ಹೊಳೆಸಿದ್ದೇನೆ. ಅವುಗಳ ಹೊಳಪು ಗಾಜಿನದು. ಇದರದು ಒಳಗಿನಿಂದ ಬರುತ್ತಿತ್ತು.

ಸೋಮವಾರ ಬೆಳಿಗ್ಗೆ ಲಾರಿ ಬಂದು ಗೇಟಿನ ಹೊರಗೆ ನಿಂತಿತು. ತಮ್ಮ ಇಸ್ತ್ರಿ ಮಾಡಿದ ಬಿಳಿ ಪಂಚೆ, ಬಿಳಿ ಅಂಗಿಯಲ್ಲಿ ಬಂದರು. ಕಾರಿಗೆ ಒಂದು ಸುತ್ತು ಬಂದರು. ಆಮೇಲೆ ಪಂಚೆಯ ತುದಿಯನ್ನು ಚೊಂಬಿನ ನೀರಲ್ಲಿ ಅದ್ದಿ, ಹಿಂಡಿ, ಬಾಗಿಲಿನ ಮೇಲೆ ಹೆಬ್ಬೆರಳೊತ್ತಿ ತಿಕ್ಕಿದರು. ಅಡಿಕೆ ತಿಕ್ಕುವವರ ಬಲ ಸಣ್ಣದಲ್ಲ. ಎತ್ತಿ ಬಿಸಿಲಿಗೆ ಹಿಡಿದರು.

ಬಿಳಿಯ ಮೇಲೆ ತೆಳ್ಳಗೆ ಹಸಿರು.

"ಬಣ್ಣ ಹಾಕೀಯ," ಎಂದರು. ಏರಿದ ದನಿಯಲ್ಲ, ಮಾಲು ವಾಪಸ್ಸು ಮಾಡುವ ದನಿ. "ಅಂಗಡಿಯಿಂದ ಹಸಿರು ತಂದು ಬಳಿದು ಅಣ್ಣಗೆ ಟೋಪಿ ಹಾಕಾಕೆ ನೋಡೀಯ. ಲಾರಿಯೋನ, ಹಲಗೆ ಇಳಿಸು."

ಅವರು ಹೇಳಿದ್ದರಲ್ಲಿ ಮೋಸವಿರಲಿಲ್ಲ. ಅವರ ಕಸುಬಿನಲ್ಲಿ ಬಟ್ಟೆಗೆ ಬಣ್ಣ ಹತ್ತಿದರೆ ಕಳ್ಳಮಾಲೇ. ನಾನು ಹದಿನೈದು ದಿನ ಮೊದಲೇ ಹೇಳಬೇಕಾಗಿದ್ದ ಮಾತು ಇದು: ಹಳೆಯ ಕಾಲದ ಬಣ್ಣದ ಮೇಲೆ ಈಗಿನ ಕಾರುಗಳ ಹಾಗೆ ಗಾಜಿನಂಥ ಪದರ ಇರುವುದಿಲ್ಲ. ಬಲವಾಗಿ ತಿಕ್ಕಿದರೆ ತನ್ನ ಬಣ್ಣವನ್ನೇ ಚೂರು ಬಿಟ್ಟುಕೊಡುತ್ತದೆ. ಬಟ್ಟೆಗೆ ಹತ್ತುವುದೇ ಅದು ಅಸಲಿ ಎಂಬುದಕ್ಕೆ ಗುರುತು. ಮೊದಲೇ ಹೇಳಿದ್ದರೆ ಅದು ಜ್ಞಾನ, ಈಗ ಹೇಳಿದರೆ ನೆಪ. ನಿಮ್ಮ ಕಸುಬಿನ ಗುಣವನ್ನು ಗಿರಾಕಿಗೆ ಒಪ್ಪಂದದ ದಿನವೇ ಹೇಳಿ. ನನ್ನ ಅಷ್ಟು ವರ್ಷದ ಜಾಣತನ ಅಲ್ಲಿ ಎಡವಿತ್ತು.

ಆದರೂ ಹೇಳಿದೆ. "ನಿಮ್ಮ ಮಾತು ಚೊಗರು ಹತ್ತಿದ್ರೆ ಅಂತಿತ್ತು ಸಾವ್ಕಾರ್ರೆ. ಚೊಗರು ಕೆಂಪು. ಇದು ಹಸಿರು."

"ಮಾತು ತಿರುಗಿಸಬ್ಯಾಡ."

"ತಿರುಗಿಸಲ್ಲ. ನಿಮ್ಮ ಹೊಸ ಕಾರು ಅಲ್ಲೇ ನಿಂತೈತೆ. ಅದನ್ನೂ ತಿಕ್ಕಿ ನೋಡ್ರಿ. ಒಂದು ಚೂರೂ ಹತ್ತಲ್ಲ. ಹಂಗಂತ ಅದು ಇದಕ್ಕಿಂತ ಅಸಲೀನಾ?"

ಅವರು ತಿಕ್ಕಿದರು. ಧೂಳು ಬಂತು, ಬಣ್ಣ ಬರಲಿಲ್ಲ. "ಅದು ಒಳ್ಳೆ ಬಣ್ಣ, ಅದಕ್ಕೆ ಬರಲಿಲ್ಲ," ಎಂದರು. ಲಾರಿಯವನು ಹಲಗೆ ಎಳೆಯುತ್ತಿದ್ದ. ದೊಡ್ಡವರು ಕಾರಿನ ಹಿಂದೆ ನಿಂತಿದ್ದರು. ಅವರಿಗೂ ನನ್ನ ಮೇಲೆ ಸಣ್ಣ ಅನುಮಾನ ಬಂದದ್ದು ಮುಖದಲ್ಲಿ ಕಂಡಿತು. ಗೋಡೌನು ಹೋಯಿತು ಅನ್ನುವುದಕ್ಕಿಂತ ಅದು ಹೆಚ್ಚು ಚುಚ್ಚಿತು.

ಆಗ ಜಗುಲಿಯಿಂದ ಅಮ್ಮನವರ ದನಿ ಬಂತು.

"ಗೋಡೆಗೆ ಬಣ್ಣ ಹೊಡೆಯೋನು ತೂಗುಹಾಕಿದ ಫೋಟೋ ಇಳಿಸದೆ ಹೊಡ್ದಿದ್ರೆ, ಆಮೇಲೆ ಫೋಟೋ ಇಳಿಸಿದಾಗ ಅದರ ಹಿಂದೆ ಹಳೇ ಬಣ್ಣ ಹಂಗೇ ಇರ್ತೈತೆ. ಆ ನಂಬರ್ ತಗಡು ಬಿಚ್ಚಿ ನೋಡ್ರಲ್ಲ. ಅದರ ಹಿಂದೆ ಅವಳ ಕೈಯೂ ಹೋಗಿಲ್ಲ, ನನ್ನ ಸೋಪೂ ಹೋಗಿಲ್ಲ."

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅಷ್ಟು ವರ್ಷ ಜಗಳವಾಡಿದ ಅಣ್ಣತಮ್ಮಂದಿರಿಗೂ, ದಿನಾ ಕಾರು ಮುಟ್ಟುವ ನನಗೂ ಅದು ಹೊಳೆದಿರಲಿಲ್ಲ. ತಗಡಿನ ಸ್ಕ್ರೂಗಳು ತುಕ್ಕಿನಲ್ಲಿ ಕಚ್ಚಿಕೊಂಡಿದ್ದವು, ನಾನು ಮುಟ್ಟಿಲ್ಲವೆಂಬುದಕ್ಕೆ ಅದೇ ಸಾಕ್ಷಿ. ನಾನು ಕೈ ಹಾಕಲಿಲ್ಲ, ಅಂಗಳದ ಗಡಿ ದಾಟಿ ನಿಂತೆ. ಲಾರಿಯವನೇ ಹಲಗೆ ಬಿಟ್ಟು ಸ್ಕ್ರೂಡ್ರೈವರ್ ತಂದ. ನಾಲ್ಕನೆಯ ಸ್ಕ್ರೂ ತಿರುಗಿದಾಗ ತಗಡು ಅವನ ಕೈಗೆ ಬಂತು.

ಹಿಂದೆ ಒಣಗಿದ ಜೇಡರ ಬಲೆ. ತಮ್ಮ ಅದನ್ನು ಪಂಚೆಯಲ್ಲೇ ಒರೆಸಿದರು. ಕೆಳಗೆ, ಬಿಸಿಲು ಹೊಗೆ ಕಾಣದ, ಕಾರ್ಖಾನೆಯಿಂದ ಬಂದ ದಿನದ ಹಾಗೆ, ಹಸಿರು. ಬಾಗಿಲಿನ ಹಸಿರಿಗಿಂತ ಒಂದು ಎಳೆ ಗಾಢ, ಅಷ್ಟೇ. ಪಂಚೆಗೆ ಹತ್ತಿದ್ದೂ ಅದೇ ಹಸಿರು. ಬಾಗಿಲಿನ ಗುರುತು, ತಗಡಿನ ಹಿಂದಿನ ಗುರುತು, ಎರಡೂ ಬಿಳಿಯ ಮೇಲೆ ಅಕ್ಕಪಕ್ಕ ಕೂತಿದ್ದವು.

ತಮ್ಮ ಪಂಚೆಯ ತುದಿಯನ್ನು ಕೆಳಗೆ ಬಿಟ್ಟರು. ಆಮೇಲೆ ಅಣ್ಣನ ಕಡೆ ತಿರುಗಿದರು.

"ಹಂಗಾದ್ರೆ ನಾನು ತೊಳೀತಿದ್ದಿದ್ದು ಯಾವ ಕಾರು?"

"ಅಪ್ಪನ ಕೆಂಪು ಜೀಪು," ಎಂದರು ದೊಡ್ಡವರು. "ಇದನ್ನ ನಿನಗೆ ಯಾವತ್ತು ಮುಟ್ಟಾಕೆ ಬಿಟ್ಟಿದ್ದೆ?"

ಮೊದಲು ನಕ್ಕವನು ಲಾರಿಯವನು. ಆಮೇಲೆ ಅಮ್ಮನವರು. ಕೊನೆಗೆ ತಮ್ಮನಿಗೂ ತಡೆಯಲಾಗಲಿಲ್ಲ. ನಾನು ನಗಲಿಲ್ಲ. ನಗುವ ಹೊತ್ತು ಇನ್ನೂ ಬಂದಿರಲಿಲ್ಲ, ಬೀಗದ ಕೈ ನನ್ನ ಕೈಗೆ ಬಂದಿರಲಿಲ್ಲ.

ದೊಡ್ಡವರು ಒಳಗೆ ಹೋಗಿ ಎರಡು ಬೀಗದ ಕೈ ತಂದರು, ಒಂದು ಗೋಡೌನಿನದು, ಒಂದು ಕಾರಿನದು. ಕಾರಿನಲ್ಲಿ ಕೂತು, ಪಕ್ಕದ ಸೀಟನ್ನು ತಟ್ಟಿ, "ಹತ್ತಮ್ಮ, ಹೊನ್ನಾಳಿಗೆ ಹೋಗಿ ಬಾಗಿಲು ತೆಗೆದು ಬರೋಣ," ಎಂದರು. ಆ ಸೀಟು ಹೆಂಡತಿಯದೆಂದು ನಾನು ಅಮ್ಮನವರನ್ನು ನೋಡಿದೆ. "ಹೋಗೇ, ನನಗೆ ಸೊಂಟ ನೋವು. ಆ ಕುಳಿಯಾಗೆ ಇಳಿದ್ರೆ ಮತ್ತೆ ಏಳಾಕಾಗಲ್ಲ," ಎಂದರು ಅವರು.

ತಲೆಯ ಮೇಲೆ ಪಾತ್ರೆ ಹೊತ್ತು ನಡೆದ ರಸ್ತೆಯಲ್ಲಿ ನೆಲಕ್ಕೆ ಒಂದು ಗೇಣು ಮೇಲೆ ಕೂತು ಹೋದೆ. ಬೈಕಿನವರು ವೇಗ ಇಳಿಸಿ ಜೊತೆಗೇ ಬಂದರು. ಬಸ್ಸಿನ ಕಿಟಕಿಗಳಿಂದ ತಲೆಗಳು ಹೊರಬಂದವು. ಸೆರಗು ಗಾಳಿಗೆ ಹಾರುತ್ತಿತ್ತು, ಕಟ್ಟಿಕೊಳ್ಳುವ ಗೋಜಿಗೆ ಹೋಗಲಿಲ್ಲ. ದೊಡ್ಡವರು ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು ಇಪ್ಪತ್ತೈದರ ಹುಡುಗನ ಹಾಗೆ ಕೂತಿದ್ದರು. ನಾನು ಮರಳಿಸಿದ್ದು ಬರೀ ಬಣ್ಣವಲ್ಲ, ಆ ಮನುಷ್ಯನ ನೆನಪಿನ ಮೇಲೆ ಮನೆಯವರು ಕಳೆದುಕೊಂಡಿದ್ದ ನಂಬಿಕೆ ಎಂದು ಆಗ ಹೊಳೆಯಿತು. ಗೊತ್ತಿದ್ದರೆ ಹದಿನೈದು ವರ್ಷಕ್ಕೆ ಕೇಳುತ್ತಿದ್ದೆ.

ಗೋಡೌನಿನ ಬೀಗ ತೆಗೆದು, ಒಳಗೆ ಒಂದು ಸುತ್ತು ಹಾಕಿ ಬಂದು ಬಾಗಿಲಲ್ಲಿ ನಿಂತೆ. ಅವರು ಕಾರಿನಲ್ಲೇ ಕೂತು ನನ್ನ ಮುಖ ನೋಡಿದರು.

"ಇನ್ನೇನಮ್ಮ?"

"ನಲ್ಲಿ ಇಲ್ಲಲ್ರಿ ಇಲ್ಲಿ. ನೀರಿಲ್ದೆ ಕಾರು ತೊಳೆಯೋದು ಹೆಂಗೆ?"

"ಅದು ಒಪ್ಪಂದದಾಗೆ ಇರಲಿಲ್ಲ."

"ಮೇಣ ಆರು ತಿಂಗಳಿಗೊಂದ್ಸಲ ಹಚ್ಚಬೇಕ್ರಿ ಈ ಬಣ್ಣಕ್ಕೆ. ಅದೂ ಒಪ್ಪಂದದಾಗೆ ಇರಲಿಲ್ಲ."

ಅವರು ಎಂಜಿನ್ ಆರಿಸಿ, ಅಂಗಳಕ್ಕಿಳಿದು, ರಸ್ತೆಯ ಆಚೆ ಹೋದ ನೀರಿನ ಪೈಪು ಎಷ್ಟು ದೂರವಿದೆ ಎಂದು ಹೆಜ್ಜೆ ಹಾಕಿ ಅಳೆಯಲು ಶುರು ಮಾಡಿದರು.